ತೋಡಿನೊಳಗಿನ ಚರ್ಮದ ತುಂಡು

ಬಂದೂಕು ರಿಪೇರಿ ಅಂಗಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಗಿರಾಕಿಗಳಿಗೆ ಅವನು ‘ಕಾಲುಸುತ್ತು’. ಯಾವ ಸ್ಕ್ರೂ ಬಿಗಿದರೂ ಕೊನೆಗೆ ತಲೆ ಓರೆ ಮಾಡಿ, ತುಸು ಯೋಚಿಸಿ, “ಇನ್ನೊಂದು ಕಾಲು ಸುತ್ತು” ಎನ್ನುತ್ತಾನೆ. ಮಾವನಿಗೆ ಮಾತ್ರ ಅವನು ‘ಅಳಿಯಂದಿರು’. ಈ ಗೌರವ ಪ್ರೀತಿಯದ್ದಲ್ಲ ಎಂಬುದು ಅಂಗಡಿಯ ಬೆಕ್ಕಿಗೂ ಗೊತ್ತು. ಮಾವ ಮುನಿಸಿಕೊಂಡರೆ ಬಹುವಚನಕ್ಕೆ ಏರುತ್ತಾರೆ. ಮನಸ್ಸಿಗೆ ಹಿಡಿಸಿದವರನ್ನು, ಎಷ್ಟೇ ದೊಡ್ಡವರಿರಲಿ, ‘ಏನಯ್ಯಾ’ ಎಂದೇ ಮಾತಾಡಿಸುತ್ತಾರೆ. ಮದುವೆಯಾದಾಗಿನಿಂದ ಅಳಿಯನಿಗೆ ಒಂದೇ ಒಂದು ‘ಏನಯ್ಯಾ’ ಸಿಕ್ಕಿರಲಿಲ್ಲ.

ಮದುವೆಗೆ ಮೊದಲು ಅವನು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಮಾವನ ಕೈ ನಡುಗತೊಡಗಿದ ಮೇಲೆ ಅಂಗಡಿಗೆ ಬಂದು, ಬೈಗುಳದ ಜೊತೆಜೊತೆಗೇ ಬಂದೂಕಿನ ಕೆಲಸ ಕಲಿತ. ಹಳೆಯ ಕಸುಬಿನ ಎರಡು ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಯಂತ್ರದ ಜೊತೆ ಹುಟ್ಟದ ಯಾವುದನ್ನೂ ಒಳಗೆ ಉಳಿಸಬಾರದು ಎನ್ನುವುದು ಒಂದು: ದಾರದ ಉಂಡೆ, ಬಟ್ಟೆಚೂರು, ಯಾರೋ ತುರುಕಿದ ಕಾಗದ, ಎಲ್ಲವೂ ಹೊರಗೆ. ಹೀಗೆ ತೆಗೆದದ್ದನ್ನು, ಯಂತ್ರ ಮಾಲೀಕರ ಕೈ ಸೇರುವವರೆಗೆ ಎಸೆಯಬಾರದು ಎನ್ನುವುದು ಇನ್ನೊಂದು. ಅದಕ್ಕೆಂದೇ ಮೇಜಿನ ಕೆಳಗೆ ಬಿಸ್ಕತ್ತಿನ ಡಬ್ಬವೊಂದಿತ್ತು.

ಆ ವರ್ಷ ಮಾವನ ಬೇಟೆ ರೈಫಲ್ಲನ್ನು ಮಗಳ ಹೆಸರಿಗೆ ಬರೆಸುವ ಮಾತು ಬಂತು. ಕಾಲುಸುತ್ತುವಿನ ಹೆಂಡತಿ ಅಪ್ಪನ ಬೆನ್ನು ಹತ್ತಿ ಗುರಿ ಕಲಿತವಳು. ಗಂಡನೋ, ಗುಂಡಿನ ಸದ್ದಿಗೆ ಈಗಲೂ ಕಣ್ಣು ಮುಚ್ಚುತ್ತಾನೆ. ಅಪ್ಪ ಬೇಟೆ ಬಿಟ್ಟ ದಿನವೇ ರೈಫಲ್ಲನ್ನು ಬಿಚ್ಚಿ, ತುಂಡುತುಂಡಾಗಿ ಎಣ್ಣೆಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ್ದರು. ಹಳೆಯ ಬಂದೂಕು ಹೊಸ ಹೆಸರಿಗೆ ಹೋಗಬೇಕಾದರೆ ಇಲಾಖೆಯ ಪರೀಕ್ಷಕರ ಮುಂದೆ ಅದು ಮೂರು ಗುಂಡನ್ನು ಒಂದು ತಟ್ಟೆಯಗಲದೊಳಗೆ ಕೂರಿಸಬೇಕು. ಇಲ್ಲವಾದರೆ ನಳಿಗೆಯ ಬಾಯಿಗೆ ಬೆಸುಗೆ. ಆಮೇಲೆ ಅದು ಗೋಡೆಗೆ ತೂಗುಹಾಕುವ ಕಬ್ಬಿಣ, ಅಷ್ಟೇ.

“ಅಳಿಯಂದಿರು ಜೋಡಿಸ್ತಾರಂತೆ” ಎಂದರು ಮಾವ, ಕಿಟಕಿ ಪಕ್ಕದ ಕುರ್ಚಿಯಿಂದ. “ಜೋಡಿಸಲಿ. ಕೊನೆಗೆ ಅದರಲ್ಲಿ ಪ್ಯಾಂಟ್ ಹೊಲಿಯೋ ಹಾಗಾಗದಿದ್ರೆ ಸಾಕು.”

ಅವನು ಕ್ರಮ ತಪ್ಪಲಿಲ್ಲ. ಗುಂಡನ್ನು ನಳಿಗೆಗೆ ತಳ್ಳಿ ಮುಚ್ಚುವ ಬೋಲ್ಟು ಬಿಚ್ಚಿ, ಗಟ್ಟಿಯಾಗಿದ್ದ ಹಳೆಯ ಎಣ್ಣೆ ತೊಳೆದ. ಸೋತಿದ್ದ ಸ್ಪ್ರಿಂಗ್ ಬದಲಾಯಿಸಿದ. ಬೋಲ್ಟನ್ನು ಬೀಗದಂತೆ ಹಿಡಿಯುವ ಎರಡು ಕಿವಿಗಳಿಗೂ ದೀಪದ ಮಸಿ ಸವರಿ, ಮುಚ್ಚಿ ತೆರೆದು, ಮಸಿ ಎರಡೂ ಕಡೆ ಒಂದೇ ಸಮ ಅಳಿಸಿಹೋದದ್ದನ್ನು ನೋಡಿ ಸಮಾಧಾನಪಟ್ಟ. ಮರದ ಹಿಡಿಯಲ್ಲಿ ನಳಿಗೆ ಕೂರುವ ಉದ್ದನೆಯ ತೋಡನ್ನು ಬ್ರಷ್ಷಿನಿಂದ ಗುಡಿಸಿದ. ತುದಿಯಲ್ಲಿ ಕಪ್ಪಗೆ, ಒಣಗಿದ ಎಲೆಯಂತೆ ಏನೋ ಅಂಟಿಕೊಂಡಿತ್ತು. ಕೆರೆದು ತೆಗೆದು ಡಬ್ಬಕ್ಕೆ ಹಾಕಿದ. ಎಲ್ಲ ಜೋಡಿಸಿ ಸ್ಕ್ರೂ ಬಿಗಿದು ಕಾಲು ಸುತ್ತು ಹೆಚ್ಚಿಗೆ ತಿರುಗಿಸಿದ. ಬೋಲ್ಟು ಬೆಣ್ಣೆಯಂತೆ ಜಾರಿತು.

ಊರಾಚೆಯ ಮೈದಾನದಲ್ಲಿ ಹೆಂಡತಿ ಮರಳಚೀಲದ ಮೇಲೆ ರೈಫಲ್ಲಿಟ್ಟು ಹೊಡೆದಳು. ಗುಂಡುಗಳು ಏಣಿ ಹತ್ತಿದ ಹಾಗೆ ಒಂದರ ಮೇಲೊಂದು, ದೂರದೂರ ಬಿದ್ದವು.

“ನಿನ್ನ ಉಸಿರು ತಪ್ಪಿರಬೇಕು” ಎಂದ.

“ನನ್ನ ಉಸಿರಿನ ಸುದ್ದಿ ಆಮೇಲೆ. ಮೊದಲು ನೀವು ಕಣ್ಣು ಬಿಡಿ, ಎಲ್ಲಿ ಬಿದ್ದಿದೆ ನೋಡಿ.”

ಮಾರನೆಯ ದಿನ ಟ್ರಿಗರ್ ಹಗುರ ಮಾಡಿದ. ಏಣಿ ಹಾಗೇ ಇತ್ತು. ಸ್ಕ್ರೂ ಸಡಿಲಿಸಿ ಮತ್ತೆ ಬಿಗಿದ, ಗುಂಡು ಬದಲಾಯಿಸಿದ. ಏಣಿಗೆ ಇನ್ನೊಂದು ಮೆಟ್ಟಿಲು ಬಂತು. ಪರೀಕ್ಷೆಯ ಹಿಂದಿನ ದಿನ ಹೆಂಡತಿ ಮೇಜಿನ ಎದುರು ಸ್ಟೂಲು ಎಳೆದು ಕೂತಳು.

“ಅಪ್ಪನ್ನ ಕೇಳಿ ಅಂದ್ರೆ ನಿಮಗೆ ಬಾಯಿಗೆ ಬೀಗ. ನಾಳೆ ಬೆಸುಗೆ ಹಾಕೋವಾಗ ನೀವೇ ಹಿಡ್ಕೊಂಡು ನಿಂತ್ಕೊಳ್ತೀರಾ?”

ಅವನು ಎದ್ದು, ರೈಫಲ್ಲನ್ನು ಕಿಟಕಿಯ ಬಳಿ ಒಯ್ದು ಮಾವನ ತೊಡೆಯ ಮೇಲಿಟ್ಟ. “ಮೇಲೆ ಕೆಳಗೆ ಚೆದುರುತ್ತೆ, ಮಾವ. ನನಗೆ ತಿಳೀತಿಲ್ಲ.”

ಮಾವ ಬೋಲ್ಟು ನೋಡಲಿಲ್ಲ, ಟ್ರಿಗರ್ ಮುಟ್ಟಲಿಲ್ಲ. ಕ್ಯಾಲೆಂಡರಿನಿಂದ ಹಳೆಯ ಹಾಳೆಯೊಂದನ್ನು ಹರಿದು, ಅದರ ಪಟ್ಟಿಯನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಎಳೆದರು. ನಡುಗುವ ಕೈಯಲ್ಲೂ ಪಟ್ಟಿ ತುದಿಯಿಂದ ಬುಡದವರೆಗೆ ಸಲೀಸಾಗಿ ಓಡಿತು.

“ಇದು ತುದಿಯಲ್ಲೇ ನಿಲ್ಲಬೇಕಿತ್ತಲ್ಲ, ಅಳಿಯಂದ್ರೇ. ನಳಿಗೆ ಒಂದೊಂದು ಗುಂಡಿಗೆ ಒಂದೊಂದು ಥರ ಅದುರ್ತಿದೆ. ಅದಕ್ಕೆ ಊರುಗೋಲು ಅಂತ ನಾನಿಟ್ಟಿದ್ದ ಚರ್ಮ ಎಲ್ಲಿ?”

ಅವನು ಮೇಜಿನ ಕೆಳಗೆ ತೂರಿ, ಡಬ್ಬ ತಡಕಿ, ಆ ಕಪ್ಪು ಎಲೆಯನ್ನು ತಂದುಕೊಟ್ಟ. “ಕಸ ಅಂದ್ಕೊಂಡೆ.”

“ಕಸಾನ ಎತ್ತಿಟ್ಟಿದ್ದೀರಿ” ಎಂದರು ಮಾವ. ಚರ್ಮವನ್ನು ಬಾಗಿಸಿ ನೋಡಿದರು. ಅದು ಅಲ್ಲೇ ಎರಡು ಹೋಳಾಯಿತು. “ಸತ್ತಿದೆ. ಹೊಸದು ಬೇಕು. ಬೆಲ್ಟಿನದ್ದು ದಪ್ಪ, ಕೈಚೀಲದ್ದು ತೆಳು. ಶೂ ಲೇಸಿನಡಿ ಇರುತ್ತಲ್ಲ, ಆ ನಾಲಿಗೆಯದ್ದೇ ಆಗ್ಬೇಕು.”

ಹೆಂಡತಿ ಸ್ಟೂಲಿನಿಂದ ಎದ್ದಳು. “ಅಪ್ಪಾ. ಯಾರ ಶೂ ನಾಲಿಗೆ ಅದು?”

ಮಾವ ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗಿದರು.

“ನನ್ನ ಸ್ಕೂಲ್ ಶೂ! ಅದರ ನಾಲಿಗೇನ ನಾಯಿ ಕಚ್ಚಿಕೊಂಡು ಹೋಯ್ತು ಅಂದಿದ್ರಿ! ವರ್ಷಪೂರ್ತಿ ಲೇಸು ಕಾಲಿಗೆ ಒತ್ತಿ ಕುಂಟಿದ್ದೀನಿ. ಆ ನಾಯಿಗೆ ನಾನು ಕಲ್ಲು ಬೇರೆ ಹೊಡೆದಿದ್ದೆ!”

“ಹೊಡೆದೆ, ತಾಗಲಿಲ್ಲ” ಎಂದರು ಮಾವ. “ಆವಾಗ ನಿನ್ನ ಗುರಿ ಅಷ್ಟಕ್ಕಷ್ಟೇ.”

ಮೊದಲು ನಕ್ಕವನು ಕಾಲುಸುತ್ತು. ಹೆಂಡತಿ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಬಗ್ಗಿ, ತನ್ನ ಬಲಗಾಲಿನ ಶೂ ಕಳಚಿ ಮೇಜಿನ ಮೇಲೆ ಕುಕ್ಕಿದಳು. “ತಗೊಳ್ಳಿ. ಈ ಸಲ ನಾಯಿ ಕಣ್ಣೆದುರೇ ಕಚ್ಚಲಿ.”

ಅವನು ನಾಲಿಗೆ ಕತ್ತರಿಸಿ, ಹೆಬ್ಬೆರಳಿನಗಲದ ತುಂಡು ಮಾಡಿ, ಅಂಚು ಹೆರೆದು, ತೋಡಿನ ತುದಿಯಲ್ಲಿ ಅಂಟಿಸಿದ. ಮತ್ತೆ ಜೋಡಿಸಿ ಕಾಗದ ಎಳೆದ: ತುದಿಯಲ್ಲಿ ಕಚ್ಚಿ ನಿಂತಿತು. ಸ್ಕ್ರೂಗೆ ಕೊನೆಯ ಕಾಲು ಸುತ್ತು ಕೊಡಲು ಕೈ ಹೋದಾಗ ಮಾವ ಕೆಮ್ಮಿದರು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಬೆಳಿಗ್ಗೆ ಮೈದಾನದಲ್ಲಿ ಪರೀಕ್ಷಕರು ದುರ್ಬೀನು ಹಿಡಿದು ಕೂತಿದ್ದರು. ಬೆಸುಗೆಯವನೂ ತನ್ನ ಸಾಮಾನಿನೊಂದಿಗೆ ಬಂದಿದ್ದ. ಹೆಂಡತಿ ಬಲಗಾಲನ್ನು ಕೊಂಚ ಎಳೆಯುತ್ತಾ ಹೋಗಿ ರೈಫಲ್ಲಿನ ಹಿಂದೆ ಬೋರಲು ಮಲಗಿದಳು. ಅವನು ಈ ಸಲ ಹಟ ಹಿಡಿದು ಕಣ್ಣು ತೆರೆದೇ ನಿಂತ. ಮೊದಲ ಗುಂಡಿಗೆ ಮುಚ್ಚಿಹೋಯಿತು. ಮೂರನೆಯದಕ್ಕೆ ಮುಚ್ಚಲಿಲ್ಲ. ಪರೀಕ್ಷಕರು ಗುರಿಹಲಗೆಯ ಹತ್ತಿರ ನಡೆದುಹೋದರು, ತಾವು ತಂದ ತಟ್ಟೆಯನ್ನು ಅದಕ್ಕೆ ಒತ್ತಿದರು. ಮೂರು ತೂತೂ ತಟ್ಟೆಯಡಿ ಮರೆಯಾದವು.

“ಟೀ ತಟ್ಟೆ ತಂದಿದ್ರೂ ಸಾಕಾಗ್ತಿತ್ತು” ಎಂದು ಅವರು ರುಜು ಹಾಕಿದರು. ಬೆಸುಗೆಯವನು ಬಿಚ್ಚದ ಗಂಟನ್ನು ಹೆಗಲಿಗೇರಿಸಿ ಹೊರಟ.

ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಿಂದ ಕಾಲುಸುತ್ತು ತನ್ನ ಹಳೆಯ ಹೊಲಿಗೆ ಯಂತ್ರವನ್ನು ಎಳೆದುಕೊಂಡು ಬಂದು, ಹೆಂಡತಿಯ ಶೂಗೆ ಹೊಸ ನಾಲಿಗೆ ಹೊಲಿಯಲು ಕೂತ. ಮಾವ ಕುರ್ಚಿಯನ್ನು ಕಿಟಕಿಯಿಂದ ಇತ್ತ ತಿರುಗಿಸಿಕೊಂಡರು. ಬಹಳ ಹೊತ್ತು ನೋಡಿದರು. ಶೂ ಕೈಗೆ ಬಂದಾಗ ಹೊಲಿಗೆಯ ಮೇಲೆ ಉಗುರು ಎಳೆದು ಪರೀಕ್ಷಿಸಿದರು.

“ಏನಯ್ಯಾ,” ಎಂದರು, “ಈ ಕೊನೇ ಎರಡು ಹೊಲಿಗೆ ಯಾಕೋ ಬಿಗಿಯಾಯ್ತಲ್ಲ.”

ಅವನು ಶೂ ಮರಳಿ ತೆಗೆದುಕೊಂಡು ಆ ಎರಡು ಹೊಲಿಗೆ ಬಿಚ್ಚತೊಡಗಿದ.