ಅನಗೋ ಕೊಲೆ ಮಾಡಿರಲಿಲ್ಲ

ಮೊನ್ನೆ ಮೊಮ್ಮಗಳು ಸೋಫಾದ ಮೇಲೆ ಕಾಲು ಚಾಚಿಕೊಂಡು ಒಂದು ಪುಸ್ತಕ ಓದುತ್ತಿದ್ದಳು. ಕಪ್ಪು ರಟ್ಟು, ಅದರ ಮೇಲೆ ಬೆನ್ನು ತಿರುಗಿಸಿ ನಿಂತ ಶಾಲಾ ಹುಡುಗಿಯ ಚಿತ್ರ, ಪಕ್ಕದಲ್ಲಿ ಉದ್ದಕ್ಕೆ ಇಳಿದ ಜಪಾನಿ ಅಕ್ಷರ. ಅವಳು ಎರಡು ವರ್ಷದಿಂದ ಆ ಭಾಷೆ ಕಲಿಯುತ್ತಿದ್ದಾಳೆ. ಏನು ಕಥೆಯೇ ಎಂದು ಕೇಳಿದೆ. ಯಾರೊಂದಿಗೂ ಬೆರೆಯದ ಹೈಸ್ಕೂಲು ಮಕ್ಕಳು, ಅವರ ನಡುವೆ ಒಂದು ಕೊಲೆ, ಬಹಳ ಕರಾಳ, ನಿನಗೆ ಹಿಡಿಸುವುದಿಲ್ಲ ಬಿಡು ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅಂಥ ಕಥೆಯನ್ನು ನಾನು ಅವಳ ಅಮ್ಮ ಹುಟ್ಟುವುದಕ್ಕೂ ಮೊದಲೇ, ಹುಣಸೂರಿನ ಪೇಟೆಬೀದಿಯಲ್ಲಿ, ಇಸ್ತ್ರಿ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಕೇಳಿದ್ದೆ. ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಕೆಂಡದ ಇಸ್ತ್ರಿ ಓಡಿದಾಗ ಏಳುವ ಆ ಬಿಸಿ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಹೊಡೆಯಿತು...

ಅವರನ್ನು ನಾನು ದರ್ಜಿ ಮಾವ ಎನ್ನುತ್ತಿದ್ದೆ. ಸಂಬಂಧದಲ್ಲಿ ಮಾವನೇನಲ್ಲ. ನಮ್ಮಪ್ಪನ ಅಕ್ಕಿ ಮಂಡಿಯ ಎದುರಿಗೆ ಅವರ ಹೊಲಿಗೆ ಅಂಗಡಿ, ಅಷ್ಟೆ. ಹಣೆತುಂಬ ವಿಭೂತಿ, ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಮೋಟು ಪೆನ್ಸಿಲು. ಯುದ್ಧದ ಕಾಲದಲ್ಲಿ ಪಟಾಲಮ್ಮಿಗೆ ದರ್ಜಿಯಾಗಿ ಸೇರಿ, ಮಲಯಾದಲ್ಲಿ ಜಪಾನಿಯರ ಸೆರೆಸಿಕ್ಕಿ, ಅವರ ಅಂಗಿ ಚಡ್ಡಿಗಳನ್ನೂ ಹೊಲಿದುಕೊಟ್ಟು ಊರಿಗೆ ಬಂದವರು. ಬರುವಾಗ ತಂದದ್ದು ಎರಡೇ: ಬಿಡದ ಕೆಮ್ಮು, ಮತ್ತು ಕಾವಲಿನ ಸಿಪಾಯಿಯೊಬ್ಬ ಕೊಟ್ಟ ಒಂದು ಜಪಾನಿ ಪುಸ್ತಕ. ಖಾಕಿ ಬಟ್ಟೆಯಲ್ಲಿ ಹೊದಿಕೆ ಹೊಲಿದು ಅದನ್ನು ಮೆಷೀನಿನ ಪಕ್ಕದ ಗೂಡಿನಲ್ಲಿ, ಶಿವನ ಪಟದ ಕೆಳಗೇ ಇಟ್ಟಿದ್ದರು.

ನನಗಾಗ ಹದಿನೈದು. ಹೈಸ್ಕೂಲಿನಲ್ಲಿ ಲೆಕ್ಕದಲ್ಲಿ ಫೇಲಾಗಿದ್ದೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಇನ್ನು ಓದಿದ್ದು ಸಾಕು ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನಾನೂ ಹುಟ್ಟಾ ಹಟಮಾರಿ, ಅವತ್ತಿನಿಂದ ಮಾತು ನಿಲ್ಲಿಸಿಬಿಟ್ಟೆ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಬೆರಳು ತೋರಿಸುತ್ತಿದ್ದೆ. ಗೆಳತಿಯರು ಶಾಲೆಗೆ ಹೋಗುವ ಹೊತ್ತಿಗೆ ಸರಿಯಾಗಿ ಬೀದಿಯ ಕಿಟಕಿ ಮುಚ್ಚುತ್ತಿದ್ದೆ. ಅಮ್ಮ ಹೆದರಿ ನಂಜನಗೂಡಿಗೆ ಹರಕೆ ಹೊತ್ತಳು. ಮೂರು ತಿಂಗಳಾದರೂ ನನ್ನ ಬಾಯಿ ತೆರೆಯದೆ ಹೋದಾಗ, ಹೊಲಿಗೆಯಾದರೂ ಕಲಿಯಲಿ ಎಂದು ಎದುರಂಗಡಿಗೆ ಅಟ್ಟಿದರು.

ಮಾವನ ಹೆಂಡತಿ ನನಗೆ ಕಾಜಾ ಹಾಕುವುದನ್ನು, ಅಂದರೆ ಗುಂಡಿ ತೂರಿಸುವ ಸೀಳಿನ ಅಂಚಿಗೆ ದಾರ ಕಟ್ಟುವುದನ್ನು, ಕಲಿಸಲು ಬಹಳ ಕಷ್ಟಪಟ್ಟರು. ನಾನು ಹಾಕಿದ ಕಾಜಾ ಒಂದೂ ನೆಟ್ಟಗಿರಲಿಲ್ಲ. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿ, ಬಿಚ್ಚಿ, ಏನೂ ಹೇಳದೆ ಮತ್ತೆ ನನ್ನ ಮಡಿಲಿಗೆ ಹಾಕುತ್ತಿದ್ದರು. ನಾಲ್ಕನೆಯ ದಿನವೋ ಐದನೆಯ ದಿನವೋ ಖಾಕಿ ಪುಸ್ತಕವನ್ನು ಗೂಡಿನಿಂದ ತೆಗೆದರು. ಸೆರೆಯಲ್ಲಿದ್ದಾಗ ತಾನು ಜಪಾನಿ ಓದುವುದನ್ನು ಕಲಿತದ್ದಾಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಕನ್ನಡಕ ಏರಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಕನ್ನಡದಲ್ಲಿ ಓದತೊಡಗಿದರು.

ಜಪಾನಿನ ಒಂದು ಊರು. ಅಲ್ಲಿನ ಶಾಲೆಯ ಹಿಂದೆ ಒಂದು ಕೊಳ. ಒಂದು ಬೆಳಗ್ಗೆ ಆ ಕೊಳದಲ್ಲಿ ಕೊಪ್ಪೋ ಎಂಬ ಹುಡುಗನ ಹೆಣ ತೇಲುತ್ತದೆ. ಅವನ ಮುಷ್ಟಿಯಲ್ಲಿ ಯಾರದೋ ಬಟ್ಟೆಯಿಂದ ಕಿತ್ತ ಒಂದು ಗುಂಡಿ, ಅದರ ಅಡಿಗೆ ನಾಲ್ಕು ಸುತ್ತು ದಾರ. ಅವನ ಜೊತೆ ಓದುವವರು ಇಬ್ಬರು. ಯಾವಾಗಲೂ ಕೋಟು ತೊಡುವ ಸಾಹುಕಾರರ ಮಗ ಗಾವಡಗೆ. ಮನೆಯಲ್ಲೂ ಶಾಲೆಯಲ್ಲೂ ಯಾರೊಂದಿಗೂ ಮಾತಾಡದ ಹದಿನೈದರ ಹುಡುಗಿ ಅನಗೋ. ಸಾಲಿಗಾಮಿ ಎಂಬ ಹೆಡ್‌ಮೇಷ್ಟರಿಗೆ ಅನಗೋ ಮೇಲೇ ಗುಮಾನಿ. ಏನು ಕೇಳಿದರೂ ಅವಳು ಬಾಯಿಬಿಡುವುದಿಲ್ಲವಲ್ಲ!

ಹೀಗೆ ದಿನಕ್ಕೆ ಎರಡು ಮೂರು ಹಾಳೆ. ಪ್ಯಾಂಟು ಅಳತೆ ಕೊಡಲು ಬಂದವರು ಅಳತೆ ಮರೆತು ಕೂರತೊಡಗಿದರು. ಅನಗೋ ಮುದ್ದೆ ತಟ್ಟೆಯನ್ನು ದೂರ ತಳ್ಳಿದಳು ಎಂದು ಓದಿದಾಗ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರೊಬ್ಬರು ಅಲ್ಲೂ ರಾಗಿ ಬೆಳೆಯುತ್ತಾರೆಯೇ ಎಂದು ಕೇಳಿದರು. ಹುಣಸೂರಿಗಿಂತ ಚೆನ್ನಾಗಿ ಬೆಳೆಯುತ್ತಾರೆ ಎಂದು ಮಾವ ರೆಪ್ಪೆ ಮಿಟುಕಿಸದೆ ಹೇಳಿದರು. ನನಗೆ ಜಪಾನಿನ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

ಕಥೆ ಮುಂದುವರಿದಂತೆ ಅನಗೋಗೆ ಕೇಡುಗಾಲ. ಪೊಲೀಸರು ಬಂದರು. ಅವಳ ರವಿಕೆಯಲ್ಲೂ ಒಂದು ಗುಂಡಿ ಇಲ್ಲ. ಅಂಗಡಿಯಲ್ಲಿ ಕೂತವರೆಲ್ಲ, ಅವಳದೇ ಕೆಲಸ, ಮಾತಾಡದ ಹೆಣ್ಣನ್ನು ನಂಬಬಾರದು ಎಂದು ತೀರ್ಪು ಕೊಟ್ಟರು. ನನ್ನ ಕೈಯ ಸೂಜಿ ನಿಂತಿತು. ಅವಳ ಪರವಾಗಿ ಮಾತಾಡಲು ಆ ಊರಿನಲ್ಲೂ ಈ ಊರಿನಲ್ಲೂ ಒಬ್ಬರೂ ಇಲ್ಲವಲ್ಲ ಅನ್ನಿಸಿ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು.

“ಅನಗೋ ಅಲ್ಲ ಕಣ್ ಮಾವ,” ಎಂದೆ. “ಗುಂಡಿ ಅಡೀಲಿ ನಾಕ್ ಸುತ್ತು ದಾರ ಇತ್ತು ಅಂತ ಮೊದಲ್ನೇ ದಿನ ನೀವೇ ಓದಿದ್ರಿ. ತೆಳು ರವಿಕೆಗೆ ಯಾರು ಅಂಗೆ ಸುತ್ತಾರೆ? ಅದು ಕೋಟಿನ ಗುಂಡಿ.”

ಮಾವನ ಬೆರಳು ಸಾಲಿನ ಮೇಲೆಯೇ ನಿಂತಿತು. ದಪ್ಪ ಬಟ್ಟೆಯ ಗುಂಡಿಯನ್ನು ಸ್ವಲ್ಪ ಎತ್ತರಿಸಿ ಹೊಲಿದು, ಅಡಿಗೆ ದಾರ ಸುತ್ತುವುದು ದರ್ಜಿಗಳ ಪದ್ಧತಿ. ಮಾವ ಮೊದಲ ದಿನ ಅಭ್ಯಾಸಬಲದಿಂದ ಕೊಲೆಯ ಗುಂಡಿಗೂ ನಾಲ್ಕು ಸುತ್ತು ಸುತ್ತಿಬಿಟ್ಟಿದ್ದರು! ನನಗೆ ಮೂರು ತಿಂಗಳ ಮಾತೆಲ್ಲ ಒಟ್ಟಿಗೆ ಬಂತು. ಕೋಟು ಯಾರದು, ಗಾವಡಗೆ ಅವತ್ತು ಶಾಲೆಗೆ ಏಕೆ ತಡವಾಗಿ ಬಂದ, ಮೇಷ್ಟರು ಅವನನ್ನು ಒಂದು ಮಾತೂ ಏಕೆ ಕೇಳಲಿಲ್ಲ ಎಂದು ಒಂದೊಂದನ್ನೇ ಬಿಡಿಸಿಟ್ಟೆ. ಸುಮ್ಮನಿರುವುದು ತಪ್ಪು ಮಾಡಿದಂತಲ್ಲ ಎಂದು ರೈತರ ಮುಖಕ್ಕೇ ಹೇಳಿದೆ. ಪಾಪ, ಅವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದರು.

ಆಮೇಲೆ ನೋಡಿದರೆ ಬೀದಿಯಲ್ಲಿ ಅಪ್ಪ ನಿಂತಿದ್ದರು. ನನ್ನ ದನಿ ಮಂಡಿಗೆ ಕೇಳಿ ಓಡಿಬಂದಿದ್ದರು. ಅವರ ಕಣ್ಣು ಒದ್ದೆಯಾಗಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಾವ ಪುಸ್ತಕ ಮಡಿಸಿ ಎದ್ದು ನಿಂತರು. “ಸಾವ್ಕಾರ್ರೇ, ಈ ಮಗೀಗೆ ಕಾಜಾ ಕಲ್ಸೋಕೆ ನನ್ ಕೈಲಾಗಕಿಲ್ಲ. ಇದ್ಕೆ ಲಾಯರಿಕೆ ಬತ್ತದೆ. ಇಸ್ಕೂಲಿಗೆ ಕಳ್ಸಿಬುಡಿ.”

ಮರುವಾರ ಅಪ್ಪ ಹೊಸ ಲೆಕ್ಕದ ಪುಸ್ತಕ ತಂದು ನನ್ನ ಹಾಸಿಗೆಯ ಮೇಲಿಟ್ಟಿದ್ದರು. ಇನ್ನೊಂದು ಸಲ ಫೇಲಾದರೆ ಮಾತ್ರ ಮದುವೆಯೇ ಎಂದು ಅಮ್ಮನ ಬಾಯಲ್ಲಿ ಹೇಳಿಸಿದರು. ಕೊಲೆಗಾರ ಗಾವಡಗೆಯೇ ಎಂದು ಮಾವ ಮರುದಿನ ಓದಿ ಒಪ್ಪಿಕೊಂಡರು. ಆದರೆ ಅನಗೋ ಆಮೇಲೆ ಏನಾದಳು ಎಂಬುದನ್ನು ಹೇಳಲಿಲ್ಲ. ಪುಸ್ತಕದ ಬಲಗಡೆ ಉಳಿದಿದ್ದ ಎರಡು ಹಾಳೆಗಳನ್ನು ಬೆರಳಲ್ಲಿ ಹಿಡಿದು ತೋರಿಸಿ, ಪಾಸಾಗಿ ಬಾ, ಓದುತ್ತೇನೆ ಎಂದರು.

ಆ ದಸರಾ ರಜದಲ್ಲಿ ಸೋದರತ್ತೆಯ ಊರಾದ ಹನಗೋಡಿಗೆ ಹೊರಟೆ. ಬಸ್ಸಿನ ಬಾಗಿಲಲ್ಲಿ ನೇತಾಡುತ್ತ ಕಂಡಕ್ಟರು ಕೂಗುತ್ತಿದ್ದ: “ಅನಗೋ, ಅನಗೋ, ಅನಗೋ!” ನಾನು ಸೀಟಿನಲ್ಲಿ ಕಲ್ಲಾಗಿ ಕೂತೆ. ಹನಗೋಡು ಅನಗೋ. ಗಾವಡಗೆರೆ ಗಾವಡಗೆ. ಕೊಪ್ಪ ಕೊಪ್ಪೋ. ಕೃಷ್ಣರಾಜನಗರದ ಆಚೆಯ ಸಾಲಿಗ್ರಾಮವೇ ಸಾಲಿಗಾಮಿ ಮೇಷ್ಟರು! ಹುಟ್ಟಿದಾರಭ್ಯ ಕೇಳಿದ ಊರುಗಳ ಬಾಲ ಕತ್ತರಿಸಿ ಜಪಾನಿಗೆ ಕಳಿಸಿದ್ದರು ಆ ಪುಣ್ಯಾತ್ಮ. ಊರು ತಲುಪುವವರೆಗೂ ಒಬ್ಬಳೇ ನಕ್ಕೆ. ಪಕ್ಕದ ಹೆಂಗಸು ತನ್ನ ಕೋಳಿಬುಟ್ಟಿಯನ್ನು ಆಚೆ ಸರಿಸಿಕೊಂಡಳು.

ವಾಪಸು ಬಂದವಳೇ ಅಂಗಡಿಗೆ ಹೋಗಿ, ಮಾವ, ನಿಮ್ಮ ಕಥೆಯಲ್ಲಿ ಪಿರಿಯಾಪಟ್ಟಣ ಬರುವುದಿಲ್ಲವೇ ಎಂದು ಬಹಳ ವಿನಯದಿಂದ ಕೇಳಿದೆ.

ಅವರು ಬಟ್ಟೆಯಿಂದ ತಲೆಯೆತ್ತಲಿಲ್ಲ. “ಪಿರಿಯಾನಾ? ಅವ್ಳು ಎರಡ್ನೇ ಭಾಗ್ದಲ್ಲಿ ಬತ್ತಾಳೆ ಕಣ್ ಮಗ.”

ಅದಕ್ಕಿಂತ ಹೆಚ್ಚು ನಾವು ಆ ವಿಷಯ ಮಾತಾಡಲಿಲ್ಲ. ಜಪಾನಿ ಓದಲು ಬರದವರೆಂದು ಅವರನ್ನು ಹಿಡಿದುಕೊಡಲು ನನಗೆ ಮನಸ್ಸಿರಲಿಲ್ಲ. ಕಥೆ ಸುಳ್ಳೆಂದು ತಿಳಿದ ಮೇಲೂ ಅನಗೋಗೆ ಏನಾಯಿತು ಎಂಬ ಕುತೂಹಲ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅದೇ ಕುತೂಹಲದಲ್ಲಿ ಲೆಕ್ಕ ಮಾಡಿದೆ. ಭಿನ್ನರಾಶಿ ತಲೆಗೆ ಹತ್ತದಿದ್ದಾಗ ಮಾವ ತಮ್ಮ ಟೇಪು ಮಡಿಸಿ ಮಡಿಸಿ ತೋರಿಸಿದರು.

ಫಲಿತಾಂಶದ ದಿನ ಮನೆಗೂ ಹೋಗದೆ ನೇರವಾಗಿ ಅಂಗಡಿಗೆ ಓಡಿದೆ. ಮಾವ ಕೈ ತೊಳೆದು, ಒರೆಸಿಕೊಂಡು, ಪುಸ್ತಕ ತೆಗೆದರು. ಉಳಿದ ಎರಡರಲ್ಲಿ ಒಂದು ಹಾಳೆಯನ್ನು ತಿರುವಿ ಬಹಳ ಹೊತ್ತು ನೋಡಿದರು.

“ಅನಗೋ ಪಾಸಾದ್ಲು ಅಂತ ಬರ್ದವ್ರೆ,” ಎಂದರು.

ನಾನು ನಗುತ್ತ ಅಳುತ್ತ ಅವರ ಕಾಲಿಗೆ ಬಿದ್ದೆ. ಇನ್ನೊಂದು ಹಾಳೆ ಇದೆಯಲ್ಲ ಎಂದರೆ, ಅದು ಈಗ ಬೇಡ, ನೀನು ಮೇಷ್ಟರಾಗಿ ಬಂದ ಮೇಲೆ ಎಂದರು. ನಾನು ಟ್ರೈನಿಂಗಿಗೆ ಮೈಸೂರಿಗೆ ಹೋದೆ. ಅಲ್ಲಿಂದ ಒಂದು ಕಾಗದ ಬರೆದೆ, ಎರಡನೆಯದನ್ನು ನಾಳೆ ಬರೆಯೋಣವೆಂದು ಮುಂದೂಡಿದೆ... ಕೆಲಸ ಸಿಕ್ಕ ಸುದ್ದಿ ಹೊತ್ತು ಬಂದಾಗ ಅಂಗಡಿಯ ಬಾಗಿಲಿಗೆ ಹಲಗೆ ಹಾಕಿತ್ತು. ಕೆಮ್ಮು ಅವರನ್ನು ಒಂದು ತಿಂಗಳ ಹಿಂದೆಯೇ ಕರೆದುಕೊಂಡು ಹೋಗಿತ್ತು. ಮಾವನ ಹೆಂಡತಿ ತವರಿಗೆ ಹೋಗಿದ್ದರು. ಪುಸ್ತಕ ಏನಾಯಿತೆಂದು ಯಾರಿಗೂ ತಿಳಿಯದು. ಆ ಕೊನೆಯ ಹಾಳೆಯನ್ನು ಕೇಳಲಿಲ್ಲವಲ್ಲ ಎಂಬ ಕೊರಗು ಮೂವತ್ತು ವರ್ಷ ಪಾಠ ಹೇಳಿದರೂ ನನ್ನನ್ನು ಬಿಟ್ಟು ಹೋಗಿರಲಿಲ್ಲ.

ನಿನ್ನೆ ಮೊಮ್ಮಗಳು ತನ್ನ ಕೊಲೆ ಕಥೆಯನ್ನು ಮುಗಿಸಿ, ಇಷ್ಟವಾಯಿತೆಂದು ಮತ್ತೆ ಮೊದಲಿನಿಂದ ಶುರುಮಾಡಿದಳು. ನೋಡಿದರೆ ಕೊನೆಯ ಪುಟ ತೆರೆದು ಕೂತಿದ್ದಾಳೆ. ಅದೇನೇ ಹಿಂದಿನಿಂದ ಓದುತ್ತೀಯ ಎಂದು ಗದರಿದೆ.

“ಇದೇ ಮೊದಲನೇ ಪುಟ ಅಜ್ಜಿ. ಜಪಾನಿ ಪುಸ್ತಕ ಬಲಗಡೆಯಿಂದ ಶುರುವಾಗುತ್ತೆ.”

ನಾನು ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು, ಮಾವ ತೋರಿಸುತ್ತಿದ್ದ ಹಾಗೆಯೇ ಬಲಗಡೆಯ ಒಂದೇ ಒಂದು ಹಾಳೆಯನ್ನು ಬೆರಳುಗಳ ನಡುವೆ ಹಿಡಿದೆ. ಅವರು ನನಗೆಂದು ಉಳಿಸಿಟ್ಟದ್ದು ಕಥೆಯ ಕೊನೆಯಾಗಿರಲಿಲ್ಲ, ಮೊದಲಾಗಿತ್ತು. ಇದು ಅವರಿಗೂ ಗೊತ್ತಿರಲಿಲ್ಲ. ಓಡಿಹೋಗಿ ಹೇಳಿದ್ದರೆ ಮೆಷೀನು ನಿಲ್ಲಿಸಿ, ಕೆಮ್ಮು ಬರುವವರೆಗೂ ನಗುತ್ತಿದ್ದರು... ಹೇಳಲು ಮಾವ ಇಲ್ಲ. ನಾನು ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಜಪಾನಿನ ಒಂದು ಊರು, ಅಲ್ಲಿನ ಶಾಲೆಯ ಹಿಂದೆ ಒಂದು ಕೊಳ ಎಂದು ಆರಂಭಿಸಿದೆ.