ಶೆವಂತಕ್ಕ ಮುಟ್ಟಿ ನೋಡಿದ ಗಾಡಿ

ಇಚಲಕರಂಜಿಯ ಶೆವಂತಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ಗಂಡ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ. ಅದಕ್ಕೂ ಮೊದಲು ತಗಡಿನ ತಗ್ಗುಗಳಿಗೆ ಪುಟ್ಟಿ ಮೆತ್ತಿ, ನೀರು ಚಿಮುಕಿಸುತ್ತ ಪಾಲಿಶ್ ಕಾಗದದಿಂದ ತಿಕ್ಕಿ ನುಣುಪು ಮಾಡುವುದು ಅವಳ ಕೆಲಸ. ಹದಿನಾರು ವರ್ಷ ತಿಕ್ಕಿ ಬೆರಳಿನ ಗೆರೆಗಳೇ ಸವೆದಿದ್ದವು.

1982ರ ಬೇಸಿಗೆ. ಗಡಹಿಂಗ್ಲಜದ ನನ್ನ ಗೆಳೆಯ ಕೃಷ್ಣಾತ ಆಜರಾಕ್ಕೆ ಟ್ಯಾಕ್ಸಿ ಓಡಿಸಲು ಹಳೆಯ ಅಂಬಾಸಿಡರ್ ಹುಡುಕುತ್ತಿದ್ದ. ಕೊಲ್ಲಾಪುರದ ಏಜೆಂಟನೊಬ್ಬ ತೋರಿಸಿದ ಬಿಳಿ ಗಾಡಿ ಥಳಥಳ ಹೊಳೆಯುತ್ತಿತ್ತು. ಕೃಷ್ಣಾತ ಆಗಲೇ ಮನಸೋತಿದ್ದ. ಶೆವಂತಕ್ಕನ ಹೆಸರು ಕೇಳಿದ್ದ ನಾನು ಹಟ ಮಾಡಿ ಅವಳನ್ನು ಕರೆಸಿದೆ.

ಬಂದವಳೇ ಬಾನೆಟ್ಟಿನ ಮೇಲೆ ಕೈಯಿಟ್ಟಳು.

"ಗಾಡಿ ಈಗರ ಚಾಲೂ ಮಾಡಿದ್ರೇನ್ರಿ?"

"ಇಲ್ರಿ ಬಾಯಿ, ಮುಂಜಾನಿಂದ ನಿಂತೈತಿ," ಎಂದ ಏಜೆಂಟ.

"ನೆರಳಾಗ ನಿಂತದ್ದು ಬೆಚ್ಚಗ ಹೆಂಗಾತ್ರಿ? ಥಂಡಿ ಇದ್ದಾಗ ಲಗೂನ ಚಾಲೂ ಆಗೂದಿಲ್ಲ, ಅದಕ್ಕ ಕಾಸಿಟ್ಟೀರಿ."

ಗಾಡಿಯನ್ನು ಬಿಸಿಲಿಗೆ ತರಿಸಿ, ಕಣ್ಣು ಮುಚ್ಚಿ, ಅಂಗೈ ಸವರುತ್ತ ಸುತ್ತಲೂ ನಡೆದಳು. ಅಲ್ಲಲ್ಲಿ ನಿಂತು ಸೀಮೆಸುಣ್ಣದಿಂದ ಸುತ್ತು ಹಾಕಿದಳು. ನಮಗೆ ಎಲ್ಲ ಕಡೆಯೂ ಒಂದೇ ನುಣುಪು. ಏಜೆಂಟ ನಗತೊಡಗಿದ. ಅವಳು ಸೊಂಟದ ಚೀಲದಿಂದ ಅಯಸ್ಕಾಂತದ ತುಂಡೊಂದನ್ನು ತೆಗೆದು ನನ್ನ ಕೈಗಿತ್ತಳು. ಬಾಗಿಲ ನಡುವೆ ಅದು ಟಕ್ಕನೆ ಕಚ್ಚಿಕೊಂಡಿತು. ಸುಣ್ಣದ ಸುತ್ತಿನೊಳಗೆ ಇಟ್ಟರೆ ಜಾರಿ ಬಿತ್ತು. ಒಂಬತ್ತು ಸುತ್ತು, ಒಂಬತ್ತರಲ್ಲೂ ಬಿತ್ತು.

"ಇಲ್ಲೆಲ್ಲಾ ಪುಟ್ಟಿ ಭಾಳ ದಪ್ಪ ಐತಿ. ಗಾಡಿ ಪಲ್ಟಿ ಆಗೇತಿ," ಎಂದಳು.

ಹಿಂದಿನ ಸೀಟು ಎತ್ತಿಸಿ ಸಂದಿಯಿಂದ ಚಿಟಿಕೆ ಮಣ್ಣು ತೆಗೆದು ಉಜ್ಜಿದಳು. "ಇದು ಹೊಳಿ ಮಣ್ಣ. ನಾ ಹೊಳಿ ದಂಡಿ ಕುರುಂದವಾಡದಾಕಿ, ಮಹಾಪೂರ ಇಳದ ಮ್ಯಾಲೆ ಮನ್ಯಾಗ ಇದನ್ನ ಬಳದೇನಿ. ಗಾಡಿ ನೀರಾಗ ನಿಂತಿತ್ತು."

ಕೊನೆಗೆ ಏಜೆಂಟನಿಂದ ಗಾಡಿಯ ನೋಂದಣಿ ಬುಕ್ಕನ್ನು ನನ್ನ ಕೈಗೆ ಕೊಡಿಸಿ, ಚಾಸಿಯ ಮೇಲೆ ಒತ್ತಿದ್ದ ನಂಬರನ್ನು ಬೆರಳಿನಿಂದ ಮುಟ್ಟಿದಳು. "ಮಾಸ್ತರ್ರ, ಬುಕ್ಕಿನಾಗ ಐದನೇ ಅಂಕಿ ಯಾವುದೈತ್ರಿ?"

"ಮೂರು."

"ಇದರ ಬುಡಕ ಇನ್ನೊಂದೈತಿ, ನೋಡ್ರಿ."

ನನ್ನ ಬೆರಳಿಗೆ ಏನೂ ತಾಗಲಿಲ್ಲ. ಸೀಮೆಎಣ್ಣೆ ಬಟ್ಟೆಯಿಂದ ಗಸಗಸ ತಿಕ್ಕಿದ ಮೇಲೆ, ಮೂರರ ಅಡಿಯಲ್ಲಿ ಅರ ಹಾಕಿ ಅಳಿಸಿದ್ದ ಎಂಟು ಮಸುಕಾಗಿ ಕಂಡಿತು. ಅಂಕಿಯ ಗುರುತೇ ಇಲ್ಲದವಳು ಕಂಡುಹಿಡಿದದ್ದು ಮಾಸ್ತರನಾದ ನನಗೆ ಕಂಡಿರಲಿಲ್ಲ. ಏಜೆಂಟ ಬುಕ್ಕನ್ನು ಕಸಿದು ಕಿಸೆಗೆ ಹಾಕಿಕೊಂಡ.

"ಈ ಕಳವಿನ ಗಾಡಿ ತಗೊಂಡಿದ್ರ ಪೊಲೀಸರು ನನ್ನ ಬಾಗಲಿಗೆ ಬರತಿದ್ರು," ಎಂದ ಕೃಷ್ಣಾತ.

ತಿಂಗಳ ನಂತರ ಅವಳು ಒಪ್ಪಿದ್ದು ಬಣ್ಣ ಮಾಸಿ, ಮಡ್‌ಗಾರ್ಡ್ ನೆಗ್ಗಿದ್ದ ಇನ್ನೊಂದು ಅಂಬಾಸಿಡರ್. ಅವಳ ಮಾತಿನಂತೆ ಕೃಷ್ಣಾತ ಅದರ ಮಾಲಕನ ಮನೆಗೇ ಹೋಗಿ ವಿಚಾರಿಸಿ, ಹೆಸರು ವರ್ಗವಾದ ಮೇಲೆಯೇ ಪೂರ್ತಿ ಹಣ ಕೊಟ್ಟ. ಅದೇ ಗಾಡಿಯಲ್ಲಿ ಅವಳನ್ನು ಮನೆಗೆ ಬಿಡಲು ಹೊರಟಾಗ ಬಾಗಿಲ ಬಳಿ ಹಿಂಜರಿದಳು. ನೂರಾರು ಕಾರು ತಿಕ್ಕಿದವಳು ಒಂದರಲ್ಲೂ ಕುಳಿತಿರಲಿಲ್ಲ!

ಮುಂದಿನ ಸೀಟಿನಲ್ಲಿ ಸೆರಗು ಹೊದ್ದು, ರಸ್ತೆ ನೋಡುತ್ತ ಕುಳಿತಳು. ಊರು ಹತ್ತಿರವಾದಾಗ ಕೃಷ್ಣಾತನಿಗೆ ಮೆಲ್ಲಗೆ ಹೇಳಿದಳು: "ಅಣ್ಣಾ, ಹಿಂದಿನ ಎಡಗಾಲಿ ಆವಾಜ ಮಾಡಾಕತ್ತೈತಿ. ನಾಳೆ ಬಿಚ್ಚಿ ನೋಡ್ರಿ."

ಬಿಚ್ಚಿದರೆ ಬೇರಿಂಗ್ ಸವೆದಿತ್ತು.