ಬಾಗಿಲವರೆಗೆ ಬಂದು ಹೊರಳಿದವರ ಲೆಕ್ಕ

ಅಕ್ಕೋರ ಎಡಹುಬ್ಬು ಬಲಹುಬ್ಬಿಗಿಂತ ಅರ್ಧ ಬೆರಳು ಮೇಲಿತ್ತು. ಚಿಕ್ಕಂದಿನಲ್ಲಿ ಗೇರುಮರದಿಂದ ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರಂತೆ. ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಬಿಳಿ ಗೆರೆಯೂ ಉಳಿದಿತ್ತು. ಆ ಹುಬ್ಬಿನಿಂದಾಗಿ ಅವರು ಯಾರನ್ನು ನೋಡಿದರೂ, ನೀವು ಹೇಳಿದ್ದನ್ನು ನಾನು ಇನ್ನೂ ನಂಬಿಲ್ಲ ಎನ್ನುವ ಹಾಗೆ ಕಾಣುತ್ತಿತ್ತು. ಬಹಳ ಸಲ ಅದು ನಿಜವೂ ಆಗಿರುತ್ತಿತ್ತು.

ಮೊಮ್ಮಕ್ಕಳೇ, ನನಗೆ ಉಪಕಾರ ಮಾಡಿದವರ ಬಗ್ಗೆ ಬರೆಯೋಣವೆಂದು ಕೂತರೆ ಮೊದಲು ನೆನಪಾಗುವವರು ಇವರು. ನೆನಪಾದ ಕೂಡಲೇ ತಲೆ ಬಿಸಿಯಾಗುತ್ತದೆ. ಅಷ್ಟು ಕಾಡಿದ್ದಾರೆ ನನ್ನನ್ನು.

ಗೋವಾದ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ನಿಮ್ಮ ಅಜ್ಜ ತೀರಿಕೊಂಡಾಗ ನಾವು ಬಾಯ್ನಾದ ಮನೆ ಕಳೆದುಕೊಂಡು ಸಡಾದ ಗುಡ್ಡದ ಮೇಲೆ ಒಂದು ಖೋಲಿ ಹಿಡಿದಿದ್ದೆವು. ಆ ವರ್ಷವೇ ನಾನು ಒಬ್ಬ ಗುತ್ತಿಗೆದಾರನ ಕೈಕೆಳಗೆ ಕಾಲೇಜಿನಲ್ಲಿ ಕಸ ಗುಡಿಸುವ, ನೆಲ ಒರೆಸುವ ಕೆಲಸಕ್ಕೆ ಸೇರಿದೆ. ಕೆಳಗಿನ ಮಹಡಿಯ ಉದ್ದನೆಯ ಪಡಸಾಲೆ ನನ್ನ ಪಾಲಿಗೆ ಬಂತು. ನಾನು ಊರ ಸಾಲೆಯಲ್ಲಿ ಏಳನೆಯತ್ತೆ ಓದಿದವಳು. ನಾಲ್ಕು ಜನರ ಮುಂದೆ ಮಾತಾಡುವುದು ನನ್ನಿಂದಾಗದ ಕೆಲಸ. ಬಕೆಟ್ಟಿನ ಕಡೆ ಮುಖ ಮಾಡಿಕೊಂಡು ಮಾಡುವ ಆ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು.

ಆ ಪಡಸಾಲೆಯಲ್ಲೇ ಅಕ್ಕೋರ ಕಚೇರಿ. ಪಾಠ ಬಿಟ್ಟು ವಿದ್ಯಾರ್ಥಿಗಳಿಗೆ ಬೇಕಾದ ಮಿಕ್ಕಿದ್ದೆಲ್ಲ, ಹಾಸ್ಟೆಲು, ಬಸ್ ಪಾಸು, ಸ್ಕಾಲರ್‌ಶಿಪ್ಪು, ಜ್ವರ ಬಂದರೆ ಮಲಗುವ ಕೋಣೆ, ಅವರ ಕೈಯಲ್ಲಿತ್ತು. ಎಲ್ಲರೂ ಮೇಡಮ್ ಎನ್ನುತ್ತಿದ್ದರು. ಅವರು ಗೋವಾದವರೇ, ಆದರೆ ಹರೆಯದಲ್ಲಿ ಧಾರವಾಡದಲ್ಲಿದ್ದು ಓದಿದ್ದರಿಂದ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ಮೊದಲ ದಿನ ನಾನು ಗಾಬರಿಯಲ್ಲಿ, ಊರ ಸಾಲೆಯ ಟೀಚರಿಗೆ ಅನ್ನುತ್ತಿದ್ದಂತೆ, "ಹೂಂ ಅಕ್ಕೋರ" ಅಂದುಬಿಟ್ಟೆ. ಅವರು ನಕ್ಕರು. ಆಮೇಲೆ ಅದೇ ಉಳಿಯಿತು. ಅವರು ನನ್ನನ್ನು ಗೋವಾದವರ ರೀತಿಯಲ್ಲಿ "ಬಾಯಿ" ಎಂದು ಕರೆಯುತ್ತಿದ್ದರು.

ಅವರ ಕಾಟ ಶುರುವಾದದ್ದು ಹೆಣ್ಣುಮಕ್ಕಳ ಸಂಡಾಸಿನಿಂದ.

"ಸಂಡಾಸ ಹೆಂಗ ಅದಾವ ಬಾಯಿ?"

"ಚಲೋ ಅದಾವ್ರಿ ಅಕ್ಕೋರ."

"ಯಾರಿಗೆ ಚಲೋ? ತೊಳಿಯೋರಿಗೋ, ಬಳಸೋರಿಗೋ?"

ಅವರು ಬಿಡಲಿಲ್ಲ. ಯಾವ ಬಾಗಿಲ ಚಿಲಕ ಬೀಳುವುದಿಲ್ಲ, ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಹುಡುಗಿಯರು ಯಾವುದನ್ನು ಬಿಟ್ಟು ಯಾವುದಕ್ಕೆ ಸಾಲು ನಿಲ್ಲುತ್ತಾರೆ ಎಂದು ಕೇಳಿದರು. ನನಗೆ ಎಲ್ಲವೂ ಗೊತ್ತಿತ್ತು, ಆದರೆ ಗೊತ್ತಿದೆ ಎನ್ನುವುದು ಗೊತ್ತಿರಲಿಲ್ಲ. ಎಲ್ಲ ಹೇಳಿಸಿಕೊಂಡು, "ಇದಕ್ಕ ಚಲೋ ಅಂತಾರೇನು?" ಅಂದು ಹೋದರು. ಮೂರು ದಿನಕ್ಕೆ ಬಡಿಗ ಬಂದು ಚಿಲಕ ಹಾಕಿದ. ನಾನು ಖುಷಿಪಡಬೇಕಿತ್ತು. ನಾಲ್ಕನೆಯ ದಿನ ಮತ್ತೆ ಬಂದು, "ಚಿಲಕ ಹಾಕಿದ ಮ್ಯಾಲೆ ಸಾಲು ಕಡಿಮಿ ಆತೇನು?" ಎಂದು ಕೇಳಿದರು. ಹಾಕಿಸಿದ್ದಾಯಿತು, ಇನ್ನೇನು ಎಂದು ಸುಮ್ಮನಿರುವ ಜಾತಿಯೇ ಅಲ್ಲ.

ಕಚೇರಿಯಲ್ಲಿ ಕಾರವಾರ ಕಡೆಯ ಹೆಡ್ ಕ್ಲರ್ಕ್ ಒಬ್ಬರಿದ್ದರು. ಬಸ್ ಪಾಸಿನ ಕಿಟಕಿ ಅವರದು. ಒಂದು ದಿನ ಅಕ್ಕೋರು ಅವರಿಗೂ ತಿಳಿಸದೆ ಹುಡುಗರ ಸಾಲಿನಲ್ಲಿ ಕೊನೆಗೆ ಹೋಗಿ ನಿಂತರು. ಕಿಟಕಿ ತಲುಪುವಷ್ಟರಲ್ಲಿ ಒಂದು ಪೀರಿಯಡ್ ಮುಗಿದಿತ್ತು. ಮರುದಿನ ಸಾಲಿನವರಿಗೆಲ್ಲ, ಕಿಟಕಿ ಅನುಕೂಲವೋ ಇಲ್ಲವೋ ಎಂದು ಕೇಳುವ ಫಾರ್ಮ್ ಹಂಚಿಸಿದರು. ಅಂದಿನಿಂದ ಹೆಡ್ ಕ್ಲರ್ಕ್ ಚಹಾ ಹೊತ್ತಿಗೆ ನನ್ನೆದುರು ತಮ್ಮ ಹೊಟ್ಟೆಯುರಿ ತೀರಿಸಿಕೊಳ್ಳುತ್ತಿದ್ದರು. "ನಿಮ್ಮ ಅಕ್ಕೋರು ನಾಳೆ ಗೋಡೆ ಮೇಲಿನ ಹಲ್ಲಿಗೂ ಫಾರ್ಮ್ ಕೊಡ್ತಾರೆ ನೋಡು. ಗೋಡೆ ಅನುಕೂಲ ಉಂಟೋ ಇಲ್ಲವೋ, ಟಿಕ್ ಮಾಡಿ ಅಂತ." ನಾನು ಸೆರಗಿನಲ್ಲಿ ನಗುತ್ತಿದ್ದೆ. ಒಳಗೊಳಗೆ ಹೆಡ್ ಕ್ಲರ್ಕರ ಪಕ್ಷವೇ ನನ್ನದೂ.

ಆ ಪಡಸಾಲೆಯಲ್ಲಿ, ಬಸ್ ಪಾಸಿನ ಕಿಟಕಿಯ ಎದುರಿಗೇ, ಕೌನ್ಸೆಲಿಂಗ್ ಕೋಣೆ ಎಂದು ಒಂದಿತ್ತು. ಮನಸ್ಸಿನ ಕಷ್ಟವನ್ನು ಮಕ್ಕಳು ಯಾರ ಹತ್ತಿರವೂ ಹೇಳಿಕೊಳ್ಳಲಾಗದಿದ್ದರೆ ಅಲ್ಲಿ ಹೋಗಿ ಹೇಳಬಹುದು. ದಿನಾ ಮಧ್ಯಾಹ್ನ ಎರಡು ತಾಸು ಒಬ್ಬ ಹೆಣ್ಣುಮಗಳು ಬಂದು ಕೂರುತ್ತಿದ್ದಳು. ಯಾರೂ ಒಳಗೆ ಬರುತ್ತಿರಲಿಲ್ಲ. ಅವಳು ಸ್ವೆಟರ್ ಹೆಣೆದು ಮನೆಗೆ ಹೋಗುತ್ತಿದ್ದಳು. ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ರಜೆಗೆ ಮೊದಲು ನಡೆಯುವ ಸಭೆಯಲ್ಲಿ ಆ ಕೋಣೆಯನ್ನು ಮುಚ್ಚಿ ಜೆರಾಕ್ಸ್ ಮಶೀನು ಇಡಬೇಕೆಂದು ಪ್ರಿನ್ಸಿಪಾಲರು ಹೇಳಿದ್ದರು. ಅಕ್ಕೋರಿಗೆ ಅದು ಬೇಕಿರಲಿಲ್ಲ. ಕೋಣೆ ಬೇಕು ಎಂದು ಅವರು ತೋರಿಸಿಕೊಟ್ಟರೆ ಮಾತ್ರ ಉಳಿಯುತ್ತಿತ್ತು.

ತಮ್ಮ ಕಚೇರಿಯವರನ್ನೆಲ್ಲ ಕೂರಿಸಿಕೊಂಡು, ಮಕ್ಕಳು ಯಾಕೆ ಬರುವುದಿಲ್ಲ ಎಂದು ಕೇಳಿದರು. ಈಗಿನ ಮಕ್ಕಳಿಗೆ ಏನು ಕಷ್ಟ ಎಂದರು ಒಬ್ಬರು. ರಿಜಿಸ್ಟರಿನಲ್ಲಿ ಹತ್ತು ಹೆಸರು ಬರೆದುಬಿಡೋಣ, ಯಾರು ನೋಡುತ್ತಾರೆ ಎಂದರು ಹೆಡ್ ಕ್ಲರ್ಕ್. ಅಕ್ಕೋರ ಹುಬ್ಬು ಇನ್ನಷ್ಟು ಮೇಲೇರಿತು. ನಾನು ಚಹಾದ ಕಪ್ಪು ಎತ್ತಿಕೊಳ್ಳುತ್ತಿದ್ದೆ. ನನ್ನ ಬಾಯಿಂದ ಯಾಕೆ ಬಂತೋ ಕಾಣೆ.

"ಬರ್ತಾರ್ರಿ. ಬಾಗಲ ತನಕಾ ಬಂದು ಹೊಳ್ಳಿ ಹೋಗ್ತಾರ."

ಎಲ್ಲರೂ ನನ್ನ ಕಡೆ ತಿರುಗಿದರು.

"ಎಷ್ಟು ಮಂದಿ?" ಎಂದರು ಅಕ್ಕೋರು.

"ಎಣಿಸಿಲ್ರಿ."

"ಹಂಗಾರ ನಾಳಿಂದ ಎಣಸ್ರಿ."

ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಎಂದು ಅವತ್ತು ಎಷ್ಟು ಸಲ ಅಂದುಕೊಂಡೆನೋ. ಮರುದಿನ ಚಾಕ್‌ಪೀಸಿನ ಆರು ಖಾಲಿ ಡಬ್ಬಿಗಳ ಮೇಲೆ ಸೋಮವಾರದಿಂದ ಶನಿವಾರದವರೆಗೆ ತಮ್ಮ ಸೊಟ್ಟ ಕನ್ನಡದಲ್ಲಿ ಬರೆದು ಕೊಟ್ಟರು. ಒಬ್ಬರು ಹೊರಳಿದರೆ ಒಂದು ಹುಣಸೆಬೀಜ. ಸುಮ್ಮನೆ ಹಾದುಹೋದವರಿಗೆ ಇಲ್ಲ. ಕೋಣೆಯ ಹೊರಗಿನ ಬೆಂಚಿನ ಹತ್ತಿರ ನಿಂತು, ಬಾಗಿಲು ನೋಡಿ, ಆಮೇಲೆ ಹೋದವರಿಗೆ ಮಾತ್ರ. ವಾರಕ್ಕೊಮ್ಮೆ ತಾವೇ ಎಣಿಸಿ ಬರೆದುಕೊಂಡು ಡಬ್ಬಿ ಖಾಲಿ ಮಾಡಿ ಕೊಡುವರು. ನಾನು ಸೆರಗಿನ ತುದಿಯಲ್ಲಿ ಬೀಜ ಕಟ್ಟಿಕೊಂಡು ನೆಲ ಒರೆಸಿದೆ. ಒಂದು ಕಣ್ಣು ನೆಲದ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ. ಗುತ್ತಿಗೆದಾರನ ಮನುಷ್ಯ, ಮೂಲೆಯಲ್ಲಿ ಕಸ ಉಳಿದಿದೆ ಎಂದು ಬೈದ. ಅಕ್ಕೋರ ಹುಚ್ಚಿಗೆ ಬೈಗುಳ ನನಗೆ.

ಬೀಜಗಳು ಬಹಳ ಬೀಳುತ್ತಿರಲಿಲ್ಲ. ದಿನಕ್ಕೆ ಒಂದೋ ಎರಡೋ. ಇಷ್ಟಕ್ಕೆ ಯಾರು ಕೋಣೆ ಉಳಿಸುತ್ತಾರೆ ಎಂದು ನನಗೇ ಕಳವಳವಾಯಿತು. ಅವರನ್ನು ಬೈದುಕೊಳ್ಳುತ್ತಿದ್ದರೂ ಅವರು ಸೋಲುವುದು ಬೇಕಿರಲಿಲ್ಲ. ಅದಕ್ಕೆ ಪ್ರತಿ ಶನಿವಾರ ಡಬ್ಬಿ ಒಪ್ಪಿಸುವ ಮೊದಲು ಪ್ರತಿಯೊಂದಕ್ಕೂ ಒಂದೊಂದು ಚಿಟಿಕೆ ಬೀಜ ಸೇರಿಸಿದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಮೂರನೆಯ ವಾರ ಅಕ್ಕೋರು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನನ್ನನ್ನು ಕರೆದರು.

"ಗುರುವಾರ ಚರ್ಚಿನ ಫೆಸ್ತಿನ ರಜಾ ಇತ್ತಲ್ಲ ಬಾಯಿ. ಕಾಲೇಜ್ ಬಂದ್. ಇದರಾಗ ಐದು ಮಂದಿ ಎಲ್ಲಿಂದ ಬಂದ್ರು?"

ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಮುಗಿದುಹೋಗುತ್ತಿತ್ತು. ಎದ್ದು, ಆರೂ ಡಬ್ಬಿಯ ಬೀಜಗಳನ್ನು ಕಿಟಕಿಯ ಹೊರಗೆ ಸುರಿದರು. ಹಿಂದಿನ ಎರಡು ವಾರದ ಲೆಕ್ಕ ಬರೆದಿದ್ದ ಹಾಳೆಯನ್ನೂ ಹರಿದರು.

"ಅಕ್ಕೋರ, ಗುರುವಾರದ್ದಷ್ಟ ಚೆಲ್ಲರಿ. ಉಳದದ್ದು ಖರೇ ಐತಿ."

"ಯಾವ ಬೀಜ ಖರೇ, ಯಾವುದು ನೀವು ಹಾಕಿದ್ದು? ನನಗ ಗೊತ್ತಾಗೂದಿಲ್ಲ, ನಿಮಗೂ ಗೊತ್ತಾಗೂದಿಲ್ಲ."

"ಸಭಾ ಹತ್ರ ಬಂತಲ್ರಿ. ಕೋಣಿ ಹೋಗ್ತೈತ್ರಿ."

"ಹೋದ್ರ ಹೋಗ್ಲಿ. ಎರಡು ವಾರ ಅದ. ಸೋಮವಾರದಿಂದ ಹೊಸದಾಗಿ ಎಣಸ್ರಿ." ಖಾಲಿ ಡಬ್ಬಿಗಳನ್ನು ನನ್ನ ಕೈಗಿಟ್ಟು, "ತಪ್ಪು ನಂದೂ ಅದ. ಎಣಸ್ರಿ ಅಂತ ಹೇಳಿದೆ, ಯಾಕ ಎಣಸಾಕತ್ತೇವಿ ಅಂತ ಹೇಳಲಿಲ್ಲ. ನಾವು ಗೆಲ್ಲಾಕ ಅಲ್ಲ ಬಾಯಿ. ಆ ಮಕ್ಕಳು ಯಾಕ ಹೊಳ್ಳಿ ಹೋಗ್ತಾವ, ಅದು ತಿಳಿಬೇಕು ನನಗ," ಎಂದರು.

ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಅಕ್ಕೋರ ಎನ್ನಲೇ ಇಲ್ಲ. ಮೇಡಮ್ ಎಂದೆ. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಆದರೂ ಈ ಸಲ ಒಂದು ಬೀಜವನ್ನೂ ಹೆಚ್ಚು ಹಾಕಲಿಲ್ಲ.

ಇಲ್ಲಿಂದ ಮುಂದಿನದನ್ನು ನಿಮ್ಮ ಅವ್ವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಅದರಾಗೇನೈತಿ" ಅಂದಿದ್ದಾಳೆ.

ಅವಳು ಅದೇ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದಳು. ಕಾಲೇಜಿನಲ್ಲಿ ನಾವು ತಾಯಿ ಮಗಳೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಿರಲಿ ಎಂದು ಅವಳು ಕೇಳಿಕೊಂಡಿದ್ದಳು, ನನಗೂ ಅದೇ ಸುಲಭವಿತ್ತು. ಆ ದಿನಗಳಲ್ಲಿ ಅವಳು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು. ಅಪ್ಪ ಹೋದ ಮೇಲೆ ಅವನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಕಾಲೇಜು ಬಿಟ್ಟು ವೆರ್ಣಾದ ಫ್ಯಾಕ್ಟರಿಗೆ ಹೋಗುತ್ತೇನೆ, ಕಂಪನಿ ಬಸ್ಸು ಗುಡ್ಡದ ಕೆಳಗೇ ಬರುತ್ತದೆ ಎನ್ನುತ್ತಿದ್ದಳು. ರಜೆ ಮುಗಿದ ಮೇಲೆ ಹೋಗುವುದೆಂದು ಹೆಸರೂ ಕೊಟ್ಟು ಬಂದಿದ್ದಳು. ಏನಾಗಿದೆ ಎಂದು ಕೇಳಿದರೆ, "ಏನಿಲ್ಲ, ನೀ ಉಣ್ಣು" ಎನ್ನುವಳು.

ಹೊಸ ಲೆಕ್ಕದ ಎರಡನೆಯ ವಾರದ ಬುಧವಾರ ಮಧ್ಯಾಹ್ನ ಆ ಬೆಂಚಿನ ಹತ್ತಿರ ಬಂದು ನಿಂತವಳು ಅವಳು. ಚೀಲದಲ್ಲಿ ಏನೋ ಹುಡುಕುವಂತೆ ಮಾಡಿದಳು. ಬಾಗಿಲು ನೋಡಿದಳು. ಒಂದು ಹೆಜ್ಜೆ ಇಟ್ಟಳು ಕೂಡ. ಆಮೇಲೆ ತಿರುಗಿದಳು, ನಾನು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಅಲ್ಲೇ ಇದ್ದೆ. ನನ್ನನ್ನು ನೋಡಿ ಮುಖ ಕೆಳಗೆ ಹಾಕಿ ಹೊರಟುಹೋದಳು.

ನಾನು ಬುಧವಾರದ ಡಬ್ಬಿಗೆ ಒಂದು ಬೀಜ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಬೀಜಕ್ಕೆ ಹೆಸರಿರುವುದಿಲ್ಲ. ಹೇಳಿದರೆ ಮಗಳ ಗುಟ್ಟು ಬಯಲಾಗುತ್ತದೆ. ನನ್ನಿಂದಾಗಿ ಮಕ್ಕಳು ಹೊರಳುತ್ತಾರೆಂದು ನನ್ನನ್ನು ಈ ಪಡಸಾಲೆಯಿಂದ ತೆಗೆದು, ನಲ್ಲಿಯಿಲ್ಲದ ಮೇಲಿನ ಮಹಡಿಗೆ ಹಾಕಿದರೂ ಹಾಕಿಯಾರು, ಬೇಡವೆಂದು ಮನೆಗೆ ಕಳಿಸಿದರೂ ಕಳಿಸಿಯಾರು. ಸಂಜೆಯ ತನಕ ಡಬ್ಬಿ ಹಿಡಿದುಕೊಂಡು ಓಡಾಡಿದೆ. ಆಮೇಲೆ ಅಕ್ಕೋರ ಮುಂದೆ ಹೋಗಿ ಇಟ್ಟೆ.

"ಇದರಾಗ ಒಂದು ನನ್ನ ಮಗಳದು ಐತ್ರಿ ಅಕ್ಕೋರ. ನನ್ನ ನೋಡಿ ಹೊಳ್ಳಿ ಹೋದ್ಲು."

ಒಂದು ಸಮಾಧಾನದ ಮಾತು ಬರುತ್ತದೆ ಎಂದು ನಿಂತಿದ್ದೆ. ಅವರು ಕನ್ನಡಕ ಹಾಕಿಕೊಂಡು ಕೇಳಿದ್ದೇನು ಗೊತ್ತೇ?

"ಎಷ್ಟು ಗಂಟೆಕ್ಕ?"

ನನಗೆ ಅಳು ಬಂತು. ಅದು ಸಿಟ್ಟಿನ ಅಳು. ಊಟದ ಬಿಡುವಿನಲ್ಲಿ ಎಂದೆ. ಉಳಿದವರು ಯಾವಾಗ ಬಂದಿದ್ದರು ಎಂದರು. ಅವರೂ ಬಿಡುವಿನಲ್ಲೇ. ಆ ಹೊತ್ತಿಗೆ ಅಲ್ಲಿ ಯಾರಿರುತ್ತಾರೆ ಎಂದರು. ನಾನಿರುತ್ತೇನೆ, ಎದುರಿನ ಕಿಟಕಿಯಲ್ಲಿ ಬಸ್ ಪಾಸಿನ ಸಾಲು ಇರುತ್ತದೆ, ಅವರವರ ಕ್ಲಾಸಿನ ಹುಡುಗರೇ ನಿಂತಿರುತ್ತಾರೆ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಅರ್ಥವಾಯಿತು. ಅವರು ನನ್ನ ಮುಂದೆ ತಮ್ಮ ನೀರಿನ ಲೋಟ ತಳ್ಳಿದರು.

"ಕುಡೀರಿ. ಅಕಿ ನಿಮ್ಮನ್ನ ನೋಡಿ ನಾಚಿಕಿಲೆ ಹೋಗಿಲ್ಲ. ಅವ್ವಗ ಗೊತ್ತಾದ್ರ ಸಂಕಟ ಪಡ್ತಾಳ ಅಂತ ಹೋಗಿರಬೇಕು." ಕನ್ನಡಕ ತೆಗೆದು, "ಇದನ್ನ ನಾ ಎಣಿಸಿಲ್ಲ. ನನಗ ಅನಸ್ತದ, ಅಷ್ಟ," ಎಂದರು.

ಸಭೆಯಲ್ಲಿ ಅವರು ಇದ್ದಷ್ಟನ್ನೇ ಹೇಳಿದರಂತೆ. ಇಷ್ಟೇನಾ ಎಂದರಂತೆ ಪ್ರಿನ್ಸಿಪಾಲರು. ಇಷ್ಟೇ, ಆದರೆ ಇಷ್ಟೂ ಮಂದಿ ಬಾಗಿಲ ತನಕ ಬಂದಿದ್ದಾರೆ ಎಂದರಂತೆ ಅಕ್ಕೋರು. ಹೆಡ್ ಕ್ಲರ್ಕೇ ಬಂದು ನನಗಿದನ್ನು ಹೇಳಿದ್ದು. "ಹತ್ತು ಹೆಸರು ಬರೆದಿದ್ರೆ ಮುಗೀತಿತ್ತು. ಈಗ ನೋಡು, ಸಾಮಾನು ಹೊರೋದು ಯಾರು?" ಕೋಣೆ ಮುಚ್ಚಲಿಲ್ಲ. ಗ್ರಂಥಾಲಯದ ಹಿಂದಿನ ಮೆಟ್ಟಿಲ ಬಳಿಗೆ ಹೋಯಿತು. ಕ್ಲಾಸು ಬಿಟ್ಟ ಮೇಲೆ ತೆರೆಯುವುದೆಂದಾಯಿತು, ವರ್ಷದ ಕೊನೆಗೆ ಮತ್ತೆ ನೋಡೋಣ ಎಂಬ ಕರಾರಿನ ಮೇಲೆ. ನನ್ನ ಪಡಸಾಲೆ ನನಗೇ ಉಳಿಯಿತು. ಒರೆಸುವ ಹೊತ್ತನ್ನು ಮಾತ್ರ ಬೆಳಿಗ್ಗೆಗೆ ಬದಲಾಯಿಸಿದರು. ಅಲ್ಲಿಯೂ ಎಣಿಸಲೇ ಎಂದು ಕೇಳಿದ್ದಕ್ಕೆ, "ಅಲ್ಲಿ ಯಾರೂ ನಿಲ್ಲಬಾರದು, ನೀವೂ ಕೂಡ," ಎಂದು ಗದರಿದರು. ಮೂರು ವಾರ ಎಣಿಸಿದ್ದನ್ನು ಚೆಲ್ಲಿದವರು, ಈಗ ಎಣಿಸಬೇಡ ಎಂದು ಬೈಯುತ್ತಾರೆ. ಇವರ ಜೊತೆ ಹೇಗೆ ಬಾಳುವುದು ಹೇಳಿ.

ರಜೆ ಮುಗಿಯುವ ಮೊದಲೇ ನಿಮ್ಮ ಅವ್ವನಿಗೆ ನಾನು ಒಂದು ಮಾತು ಮಾತ್ರ ಹೇಳಿದ್ದೆ. ಆ ಕೋಣೆ ಹಿಂದಕ್ಕೆ ಹೋಗಿದೆ, ನಾನು ಆ ಕಡೆ ಬರುವುದಿಲ್ಲ. ಕಂಪನಿ ಬಸ್ಸು ಬರುವ ದಿನ ಅವಳು ಕಾಲೇಜಿಗೆ ಹೋದಳು. ಕೆಲವು ದಿನ ತಡವಾಗಿ ಮನೆಗೆ ಬರುತ್ತಿದ್ದಳು, ನಾನು ಯಾಕೆಂದು ಕೇಳುತ್ತಿರಲಿಲ್ಲ. ಒಂದು ಸಂಜೆ ರೊಟ್ಟಿ ಬಡಿಯುತ್ತಾ ತಾನಾಗಿಯೇ, "ಅಪ್ಪಗ ಶೇಂಗಾ ಚಟ್ನಿ ಅಂದ್ರ ಭಾಳ ಸೇರ್ತಿತ್ತಲ್ಲಬೇ," ಎಂದಳು. ಬಿ.ಕಾಂ. ಮುಗಿಸಿದಳು. ಕೋಣೆ ಉಳಿಸಿದವರು ಯಾರೆಂದು ತಿಳಿದ ಮೇಲೆ ಅಕ್ಕೋರನ್ನು ಹೋಗಿ ಹೋಗಿ ಮಾತಾಡಿಸುತ್ತಿದ್ದಳು.

ಅಕ್ಕೋರು ನಿವೃತ್ತರಾದ ಎರಡನೆಯ ವರ್ಷ ತೀರಿಕೊಂಡರು. ನಿಮ್ಮಲ್ಲಿ ದೊಡ್ಡವನು ಆಗ ಅವ್ವನ ಹೊಟ್ಟೆಯಲ್ಲಿದ್ದ. ಬೇಡವೆಂದರೂ ಕೇಳದೆ ಅವಳು ನನ್ನ ಜೊತೆ ಎರಡು ಬಸ್ಸು ಬದಲಿಸಿ ಅವರ ಊರಿಗೆ ಬಂದಳು. ಮಲಗಿಸಿದ್ದಾಗಲೂ ಆ ಹುಬ್ಬು ಮೇಲೆಯೇ ಇತ್ತು. ಅವಳು ಅಲ್ಲಿ ಅತ್ತಷ್ಟು ಅಪ್ಪ ಹೋದಾಗಲೂ ಅತ್ತಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ನಿಮ್ಮ ಅವ್ವನನ್ನು, ಆ ಕೋಣೆಯಲ್ಲಿ ಏನು ಹೇಳಿಕೊಂಡಿದ್ದೆ ಎಂದು ಕೇಳೋಣ ಅನ್ನಿಸಿತು. ಕಂಡದ್ದಕ್ಕೆಲ್ಲ ಪ್ರಶ್ನೆ ಹಾಕುತ್ತಿದ್ದ ಅಕ್ಕೋರು ಅದೊಂದನ್ನು ನನ್ನ ಹತ್ತಿರವೂ, ಅವಳ ಹತ್ತಿರವೂ ಒಮ್ಮೆಯೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ, ಕಿಟಕಿಯ ಸೀಟನ್ನು ಅವಳಿಗೆ ಬಿಟ್ಟುಕೊಟ್ಟೆ.